ಅಂಚಿನಿಂದ ತೆಗೆದ ಚೂರುಗಳು

ಫೆಬ್ರವರಿ 6
ಕುಶನ್ ಅಂಗಡಿ

ಸೂಜಿ,

ಅಣ್ಣ ಕಾಗದ ಬರೆದಿದ್ದಾನೆ ಎಂದು ಎದೆ ಹಿಡಿದುಕೊಳ್ಳಬೇಡ. ಯಾರಿಗೂ ಏನೂ ಆಗಿಲ್ಲ. ನಮ್ಮ ಮನೆ ನಿನಗೆ ಗೊತ್ತೇ ಇದೆ, ನಡುಮನೆಯಲ್ಲಿ ಪಿಸುಗುಟ್ಟಿದರೆ ಬಚ್ಚಲಿಗೆ ಕೇಳುತ್ತದೆ. ಅಂಗಡಿಯಿಂದ ಫೋನ್ ಮಾಡೋಣವೆಂದರೆ ಹೊಲಿಗೆ ಮಿಷನ್ನಿನ ಗದ್ದಲ. ನಿನ್ನ ಅತ್ತಿಗೆಯ ಕಿವಿಗೆ ಬೀಳದ ಹಾಗೆ ಒಂದು ವಿಷಯ ಹೇಳಬೇಕಿತ್ತು.

ಕೆಲವು ತಿಂಗಳಿಂದ ಹೊಟ್ಟೆ ಉರಿ. ನಾಲ್ಕು ತುತ್ತು ತಿಂದರೆ ಮದುವೆ ಊಟ ಮುಗಿಸಿದವನ ಹಾಗೆ ಕೈ ತೊಳೆಯುವಂತಾಗುತ್ತದೆ. ನಮ್ಮ ಪಾಲುದಾರನಿದ್ದಾನಲ್ಲ, ಒಂದು ಕಡೆ ಕೂರಲಾರದ ಪ್ರಾಣಿ, ನಾನು ನಿನ್ನನ್ನು ಸೂಜಿ ಎಂದಂತೆ ನೀನೇ ಅವನಿಗೆ ಸ್ಪ್ರಿಂಗ್ ಎಂದು ಹೆಸರಿಟ್ಟವಳು. ಅವನು ನನ್ನನ್ನು ಪಕ್ಕದ ಬೀದಿಯ ಲ್ಯಾಬಿಗೆ ಎಳೆದುಕೊಂಡು ಹೋದ. "ಇಷ್ಟು ವರ್ಷ ಕಂಡೋರ ಸೋಫಾ ಹೊಟ್ಟೆ ಬಗೆದಿದ್ದು ಸಾಕು, ನಿನ್ನ ಹೊಟ್ಟೇಲಿ ಏನಿದೆ ನೋಡ್ಸಪ್ಪ" ಎಂದ. ಅಲ್ಲಿ ಕ್ಯಾನ್ಸರ್ ಕಂಡುಹಿಡಿಯುವ ರಕ್ತಪರೀಕ್ಷೆಯೂ ಇದೆಯಂತೆ. ಅದನ್ನೂ ಮಾಡಿಸಿದೆವು. ಫಲಿತಾಂಶ ನಾರ್ಮಲ್! ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು ನಕಲು ಕಳಿಸಿದ್ದೇನೆ. ರಕ್ತ ಸ್ವಲ್ಪ ಕಮ್ಮಿ ಇದೆಯೆಂದು ಕಬ್ಬಿಣದ ಟಾನಿಕ್ ಕೊಟ್ಟಿದ್ದಾರೆ, ಕುಡಿಯುತ್ತಿದ್ದೇನೆ.

ನೀನು ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ಇಂಥದ್ದನ್ನೇ ನೋಡುವವಳು, ಒಮ್ಮೆ ಕಣ್ಣಾಡಿಸಿ "ಸರಿಯಿದೆ" ಎಂದು ಬರೆದುಬಿಡು. ಅಷ್ಟು ಸಾಕು. ಉತ್ತರ ಅಂಗಡಿ ವಿಳಾಸಕ್ಕೆ ಹಾಕು.

ಉಳಿದಂತೆ ಎಲ್ಲ ಆರಾಮ. ಬೆಲ್ಟಿಗೆ ಎರಡು ಹೊಸ ತೂತು ಹೊಡೆದೆ, ಅಂಗಡಿಯ ಪಂಚಿನಲ್ಲೇ. ಕಂಪನಿಯವರು ಹೊಡೆದದ್ದಕ್ಕಿಂತ ನೀಟಾಗಿ ಬಂದಿದೆ.

ನಿನ್ನ ಅಣ್ಣ


ಫೆಬ್ರವರಿ 13

ಅಣ್ಣ,

ಕಾಗದ, ರಿಪೋರ್ಟು ಎರಡೂ ಸಿಕ್ಕವು. "ಸರಿಯಿದೆ" ಎಂದು ಬರೆಯಲು ನನ್ನಿಂದ ಆಗುತ್ತಿಲ್ಲ.

ನೀನು ಕೆಂಪು ಗೆರೆ ಎಳೆದ ಪರೀಕ್ಷೆ ರಕ್ತದಲ್ಲಿರುವ ಒಂದು ವಸ್ತುವಿನ ಅಳತೆ, ಅಷ್ಟೆ. ಹೊಟ್ಟೆಯ ಕ್ಯಾನ್ಸರ್ ಇದ್ದವರಲ್ಲೂ ಎಷ್ಟೋ ಸಲ ಅದು ನಾರ್ಮಲ್ ಬರುತ್ತದೆ, ಶುರುವಿನಲ್ಲಂತೂ ಬಹಳ ಜನಕ್ಕೆ. ಏನೂ ಇಲ್ಲದವರಲ್ಲಿ ಜಾಸ್ತಿ ಬರುವುದೂ ಉಂಟು. ರೋಗ ಇದೆಯೋ ಇಲ್ಲವೋ ಎಂದು ಅದನ್ನು ನಂಬಿ ಹೇಳುವ ಹಾಗಿಲ್ಲ.

ನನ್ನ ಕಣ್ಣು ನಿಂತದ್ದು ಅದಕ್ಕಿಂತ ಮೇಲಿನ ಸಾಲಿನಲ್ಲಿ. ನಿನ್ನ ಹಿಮೋಗ್ಲೋಬಿನ್ ಇರಬೇಕಾದ್ದಕ್ಕಿಂತ ತುಂಬಾ ಕೆಳಗಿದೆ. ರಕ್ತಕಣಗಳು ಚಿಕ್ಕವಾಗಿವೆ, ಬಿಳಿಚಿಕೊಂಡಿವೆ. ಐವತ್ತು ದಾಟಿದ ಗಂಡಸಿನ ಮೈಯಿಂದ ಇಷ್ಟು ರಕ್ತ ಎಲ್ಲಿಗೆ ಹೋಗುತ್ತಿದೆ ಎಂದು ಯಾರಾದರೂ ಕೇಳಲೇಬೇಕಿತ್ತು. ಟಾನಿಕ್ ಕೊಟ್ಟು ಕಳಿಸಿದ್ದಾರೆ.

ಇದಕ್ಕೆಲ್ಲ ಸರಿಯಾಗಿ ಉತ್ತರ ಬರೆ. ತೂಕ ಎಷ್ಟು ಇಳಿದಿದೆ? ವಾಂತಿ ಆಗುತ್ತದೆಯೇ? ನುಂಗಿದ್ದು ಇಳಿಯುತ್ತದೆಯೇ? ಮಲ ಕಪ್ಪಗೆ, ಡಾಂಬರಿನ ಹಾಗೆ ಹೋಗುತ್ತದೆಯೇ? ನಾಚಿಕೆ ಪಡಬೇಡ, ನನ್ನ ಕೆಲಸದಲ್ಲಿ ಇದು ದಿನಾ ಬರುವ ಮಾತು.

ಎಂಡೋಸ್ಕೋಪಿ ಮಾಡಿಸು. ಗಂಟಲಿನಿಂದ ಸಣ್ಣ ಕೊಳವೆ ಬಿಟ್ಟು ಹೊಟ್ಟೆಯೊಳಗೆ ಕಣ್ಣಾರೆ ನೋಡುತ್ತಾರೆ. ಈ ವಾರವೇ ಹೋಗು. ಅತ್ತಿಗೆಗೂ ಹೇಳು.

ನಿನ್ನ ತಂಗಿ


ಫೆಬ್ರವರಿ 26

ಸೂಜಿ,

ಅಣ್ಣ ಹೇಗಿದ್ದೀಯ ಎಂಬ ಒಂದು ಮಾತಿಲ್ಲ, ಪೊಲೀಸರು ಹೇಳಿಕೆ ತೆಗೆದುಕೊಂಡ ಹಾಗಿದೆ ನಿನ್ನ ಕಾಗದ. ಸ್ಪ್ರಿಂಗ್‌ಗೆ ಓದಿ ಹೇಳಿದೆ. "ನಿನ್ನ ತಂಗಿಗೆ ಹೆದರ್ಕೊಂಡೇ ಹೋಗಿ ಮಾಡಿಸ್ಕೋ, ಇಲ್ಲಾಂದ್ರೆ ಇಲ್ಲಿಗೇ ಬರ್ತಾಳೆ" ಎಂದ.

ಮಾಡಿಸಿಕೊಂಡೆ. ಗಂಟಲಿಗೆ ಕಹಿ ಔಷಧಿ ಚಿಮುಕಿಸಿ ಮಗ್ಗುಲಿಗೆ ಮಲಗಿಸಿದರು. ಪಕ್ಕದಲ್ಲೊಂದು ಟಿವಿ. ನಾನು ಕಣ್ಣು ಮುಚ್ಚಿಕೊಂಡೆ. ಡಾಕ್ಟರು ಒಳ್ಳೆಯ ಹುಡುಗ, ನೋಡುತ್ತಾ ನೋಡುತ್ತಾ ಒಂದು ಕಡೆ ಕೊಳವೆ ನಿಲ್ಲಿಸಿದ. ಆಮೇಲೆ "ಒಂದು ಹುಣ್ಣಿದೆ ಯಜಮಾನ್ರೇ, ಚೂರು ತೆಗೆದು ಕಳಿಸ್ತೀನಿ, ರಿಪೋರ್ಟ್ ಬರ್ಲಿ" ಎಂದ. ಹುಣ್ಣೆಂದ ಮೇಲೆ ಮುಗಿಯಿತಲ್ಲ, ಹೆಸರು ಸಿಕ್ಕಿತು. ಹುಣ್ಣು ಯಾರಿಗೆ ಬರುವುದಿಲ್ಲ?

ನಿನ್ನ ಪ್ರಶ್ನೆಗಳಿಗೆ ಉತ್ತರ: ತೂಕ ಸ್ವಲ್ಪ ಇಳಿದಿದೆ. ವಾಂತಿ ಇಲ್ಲ, ಒಂದೆರಡು ಸಲ ಬಿಟ್ಟರೆ. ನುಂಗಿದ್ದು ಇಳಿಯುತ್ತದೆ. ಮಲ ಕಪ್ಪಗಿದೆ, ಟಾನಿಕ್‌ನಿಂದ ಹಾಗಾಗುತ್ತದೆ ಎಂದು ಬಾಟಲಿಯ ಮೇಲೇ ಬರೆದಿದೆ.

ಅತ್ತಿಗೆಗೆ ಹೇಳಿಲ್ಲ. ಶಾಲೆಯ ಆಫೀಸಿನಲ್ಲಿ ಅವಳಿಗೀಗ ಪರೀಕ್ಷೆ ಕಾಲ, ಮೂಗಿನ ಮಟ್ಟ ಕೆಲಸ. ರಿಪೋರ್ಟ್ ಬಂದ ಮೇಲೆ ನಗುನಗುತ್ತಾ ಹೇಳಿದರಾಯಿತು.

ಅಣ್ಣ


ಮಾರ್ಚ್ 4

ಅಣ್ಣ,

ಹೋಗಿ ಬಂದೆಯಲ್ಲ, ನನಗೆ ಅರ್ಧ ಜೀವ ಬಂತು.

ಟಾನಿಕ್‌ನಿಂದ ಕಪ್ಪಾಗುವುದು ನಿಜ. ಟಾನಿಕ್ ಶುರು ಮಾಡುವ ಮುಂಚೆಯೂ ಕಪ್ಪಗಿತ್ತೇ? ನಾನು ಕೇಳುತ್ತಿರುವುದು ಅದನ್ನು.

ರಿಪೋರ್ಟು ತಡವಾಯಿತೆಂದು ಅವರ ಮೇಲೆ ರೇಗಬೇಡ. ಆ ಚೂರುಗಳು ಅಕ್ಕಿಕಾಳಿಗಿಂತ ಚಿಕ್ಕವು. ಕೆಡದ ಹಾಗೆ ಔಷಧಿಯಲ್ಲಿ ನೆನೆಸುತ್ತೇವೆ, ನೀರಿನಂಶ ತೆಗೆದು ಕರಗಿದ ಮೇಣದೊಳಗೆ ಕೂರಿಸುತ್ತೇವೆ. ಮೇಣ ಗಟ್ಟಿಯಾದ ಮೇಲೆ ಕೂದಲಿಗಿಂತ ತೆಳ್ಳಗೆ ಸೀಳಿ ಗಾಜಿನ ಮೇಲೆ ಹಾಸಿ ಬಣ್ಣ ಹಾಕುತ್ತೇವೆ. ಆಮೇಲೆ ಡಾಕ್ಟರು ನೋಡುತ್ತಾರೆ. ಒಂದು ಹೆಜ್ಜೆ ಅವಸರ ಮಾಡಿದರೂ ಎಲ್ಲ ಹಾಳು. ಇಷ್ಟು ವರ್ಷ ಆ ಮೇಜಿನಲ್ಲಿ ಕೂತು ನಿಧಾನ ಕಲಿತವಳು ನಾನು. ಈ ವಾರ ಮಾತ್ರ ನಿಮ್ಮೂರಿನ ಆ ಲ್ಯಾಬಿನವರ ಬೆನ್ನ ಹಿಂದೆ ನಿಂತು "ಬೇಗ, ಬೇಗ" ಎನ್ನಬೇಕು ಅನ್ನಿಸುತ್ತಿದೆ.

ಎಷ್ಟು ಚೂರು ತೆಗೆದರು, ಕೇಳಿ ಬರೆ.

ತಂಗಿ


ಮಾರ್ಚ್ 15

ಸೂಜಿ, ಸೂಜಿ, ಸೂಜಿ!

ಕ್ಯಾನ್ಸರ್ ಇಲ್ಲ! "ಕ್ಯಾನ್ಸರ್ ಕಣಗಳು ಕಂಡುಬಂದಿಲ್ಲ" ಎಂದು ಬರೆದುಕೊಟ್ಟಿದ್ದಾರೆ. ಬರೀ ಉರಿಯೂತ, ಜೊತೆಗೆ ಒಂದು ಬ್ಯಾಕ್ಟೀರಿಯಾ. ಈ ಹುಣ್ಣು ಎಬ್ಬಿಸಿದ್ದು ಅದೇ ಇರಬಹುದಂತೆ. ಹಿಡಿ ತುಂಬ ಮಾತ್ರೆ ಕೊಟ್ಟಿದ್ದಾರೆ. ನುಂಗಲು ಶುರು ಮಾಡಿದ್ದೇ ತಡ, ಉರಿ ಅರ್ಧ ಇಳಿದಿದೆ.

ನಿನ್ನ ಅತ್ತಿಗೆಗೆ ಎಲ್ಲ ಹೇಳಿಬಿಟ್ಟೆ. ಮೊದಲು ಬೈದಳು. "ನಾನೇನು ಈ ಮನೇಲಿ ಬಾಡಿಗೆಗೆ ಇದ್ದೀನಾ?" ಎಂದಳು. ಆಮೇಲೆ ಅತ್ತಳು. ಆಮೇಲೆ ಇಬ್ಬರೂ ಸಿನಿಮಾಕ್ಕೆ ಹೋದೆವು. ಸಿನಿಮಾ ಮುಗಿಯುವವರೆಗೂ ನನ್ನ ಕೈ ಬಿಡಲಿಲ್ಲ, ಸುತ್ತಲಿನವರು ಹೊಸದಾಗಿ ಮದುವೆಯಾದವರೆಂದುಕೊಂಡಿರಬೇಕು.

ಎರಡು ತಿಂಗಳಾದ ಮೇಲೆ ಇನ್ನೊಮ್ಮೆ ಕೊಳವೆ ಬಿಟ್ಟು ನೋಡಬೇಕಂತೆ. ಅದೆಲ್ಲ ಆಸ್ಪತ್ರೆಯವರ ಮಾಮೂಲಿ. ಗುಣವಾದದ್ದನ್ನು ಮತ್ತೆ ಹೋಗಿ ತೋರಿಸುವುದೇನು!

ಚೂರು ಎಷ್ಟೆಂದು ಕೇಳಿದ್ದೆಯಲ್ಲ, ಎರಡಂತೆ.

ನಿನ್ನ ಗಟ್ಟಿಮುಟ್ಟಾದ ಅಣ್ಣ


ಮಾರ್ಚ್ 22

ಅಣ್ಣ,

ನಿಮ್ಮಿಬ್ಬರ ಸಿನಿಮಾ ವಿಷಯ ಓದಿ ಎಷ್ಟು ಸಂತೋಷವಾಯಿತೆಂದು ಹೇಗೆ ಬರೆಯಲಿ. ಇಲ್ಲಿಗೇ ನಿಲ್ಲಿಸಿಬಿಡಬೇಕೆಂದು ಎರಡು ದಿನ ಈ ಕಾಗದವನ್ನು ಹಾಗೇ ಇಟ್ಟಿದ್ದೆ.

ಎರಡೇ ಚೂರು ಸಾಲದು, ಅಣ್ಣ. ಹುಣ್ಣು ಒಂದು ಅಂಗೈ ಎಂದಿಟ್ಟುಕೋ. ಎರಡು ಕಡೆ ಚಿವುಟಿ ನೋಡಿ ಪೂರ್ತಿ ಅಂಗೈ ಹೇಗಿದೆ ಎಂದು ಹೇಳಿದ ಹಾಗೆ. ಮಾತ್ರೆಯಿಂದ ಉರಿ ಇಳಿಯುವುದು ಒಳ್ಳೆಯದೇ, ಆದರೆ ಕೆಟ್ಟ ಹುಣ್ಣಿನ ಉರಿಯೂ ಆ ಮಾತ್ರೆಗೆ ಇಳಿಯುತ್ತದೆ. ಎರಡನೇ ಸಲದ ಎಂಡೋಸ್ಕೋಪಿ ಮಾಮೂಲಿಗೆ ಹೇಳಿದ್ದಲ್ಲ. ದಯವಿಟ್ಟು ತಪ್ಪಿಸಬೇಡ.

ಇನ್ನೊಂದು. ಆ ಗಾಜಿನ ಸ್ಲೈಡುಗಳನ್ನೂ ಮೇಣದ ಅಚ್ಚನ್ನೂ ಕೇಳಿ ಪಡೆದು ನನಗೆ ಕೊರಿಯರ್ ಮಾಡು. ನಮ್ಮ ಲ್ಯಾಬಿನ ಡಾಕ್ಟರು ಮೇಡಂಗೆ ಒಮ್ಮೆ ತೋರಿಸುತ್ತೇನೆ. ತಪ್ಪು ಹುಡುಕುವುದಕ್ಕಲ್ಲ, ನನ್ನ ಸಮಾಧಾನಕ್ಕೆ.

ಟಾನಿಕ್‌ಗೆ ಮುಂಚೆಯೂ ಕಪ್ಪಗಿತ್ತೇ ಎಂಬುದಕ್ಕೆ ನೀನು ಉತ್ತರ ಬರೆದಿಲ್ಲ.

ತಂಗಿ


ಏಪ್ರಿಲ್ 2

ತಂಗಿ,

ನನಗೆ ಕ್ಯಾನ್ಸರ್ ಇರಲೇಬೇಕೆಂದು ನಿನ್ನ ಹಟವೇ? ಡಾಕ್ಟರು ಇಲ್ಲ ಎಂದರು, ಲ್ಯಾಬಿನವರು ಇಲ್ಲ ಎಂದರು, ಹೊಟ್ಟೆಯೂ ಇಲ್ಲ ಎನ್ನುತ್ತಿದೆ. ನೀನೊಬ್ಬಳು ದೂರದಲ್ಲಿ ಕೂತು ಇದೆ ಇದೆ ಎನ್ನುತ್ತೀಯ. ಬೆಳಗಿನಿಂದ ಸಂಜೆವರೆಗೆ ರೋಗದ ಚೂರು ನೋಡಿ ನೋಡಿ ನಿನ್ನ ಕಣ್ಣಿಗೆ ಎಲ್ಲರೂ ರೋಗಿಗಳೇ ಆಗಿದ್ದಾರೆ.

ನಿನ್ನ ಅತ್ತಿಗೆ ಈಗಷ್ಟೇ ನೆಮ್ಮದಿಯಾಗಿದ್ದಾಳೆ. ಅದನ್ನು ಕೆಡಿಸಬೇಡ. ಇನ್ನು ಮುಂದೆ ಈ ವಿಷಯ ಬರೆಯುವುದಾದರೆ ಬರೆಯಲೇಬೇಡ.

ಅಣ್ಣ


ಏಪ್ರಿಲ್ 11

ಅಣ್ಣ,

ನೀನು ಬೇಡವೆಂದೆ, ಬರೆಯುವುದಿಲ್ಲ.

ಇಲ್ಲಿ ಬಿಸಿಲು ಜೋರು. ಲ್ಯಾಬಿನ ಮೇಣ ಬೇಗ ಗಟ್ಟಿಯಾಗುವುದಿಲ್ಲ, ಸೀಳುವ ಮುಂಚೆ ಐಸಿನ ಮೇಲೆ ಇಡಬೇಕು. ಕಿಟಕಿಯ ಹೊರಗೆ ಪಾರಿವಾಳ ಮೊಟ್ಟೆ ಇಟ್ಟಿದೆ. ಮೇಡಂ ಆ ಕಿಟಕಿ ತೆರೆಯಕೂಡದೆಂದು ಚೀಟಿ ಅಂಟಿಸಿದ್ದಾರೆ. ನಾವೆಲ್ಲ ಬೆವರುತ್ತಾ ಕೂತಿದ್ದೇವೆ.

ನಿಮ್ಮ ಅಂಗಡಿಗೆ ಬಸ್ಸಿನ ಸೀಟುಗಳ ಕೆಲಸ ಬರುವುದಿತ್ತಲ್ಲ, ಬಂತೇ?

ಸರಿಯಾಗಿ ಊಟ ಮಾಡು.

ತಂಗಿ


ಮೇ 5

ತಂಗಿಗೆ ನಿಮ್ಮ ಅತ್ತಿಗೆಯ ಆಶೀರ್ವಾದಗಳು.

ನಾನು ನಿಮಗೆ ಕಾಗದ ಬರೆದವಳಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮಣ್ಣನ ಕಿವಿಗೆ ಬೀಳುತ್ತದೆ.

ನಿಮ್ಮಣ್ಣ ನಿಮ್ಮ ಕಾಗದಕ್ಕೆ ಉತ್ತರ ಬರೆದಿಲ್ಲವೆಂದು ಗೊತ್ತು. ಏನಾಯಿತೆಂದು ಕೇಳಿದರೆ "ಅವಳಿಗೆ ಬೇರೆ ಕೆಲ್ಸ ಇಲ್ಲ" ಎಂದರು. ಆಮೇಲೆ ಸ್ಪ್ರಿಂಗ್ ಅವರನ್ನು ಹಿಡಿದು ಕೇಳಿದೆ. ಅವರು ಎಲ್ಲ ಹೇಳಿದರು, ನೀವು ಸ್ಲೈಡು ಕೇಳಿದ್ದನ್ನೂ.

ಇಪ್ಪತ್ತಾರು ವರ್ಷದಿಂದ ಈ ಮನುಷ್ಯನಿಗೆ ಬಡಿಸುತ್ತಿದ್ದೇನೆ. ಈಗ ನನ್ನೆದುರು ಎರಡು ತುತ್ತು ತಿಂದು, ನಾನು ಒಳಗೆ ಹೋದಾಗ ಉಳಿದದ್ದನ್ನು ಪಾತ್ರೆಗೇ ಸುರಿದುಬಿಡುತ್ತಾರೆ. ಸಾರು ಕಲಸಿದ್ದು ಪಾತ್ರೆಯಲ್ಲಿ ಕಂಡರೆ ನನಗೆ ಗೊತ್ತಾಗುವುದಿಲ್ಲವೇ? ಅಂಗಿಯ ಹೆಗಲು ತೋಳಿಗೆ ಜಾರಿದೆ. ಸಿನಿಮಾಕ್ಕೆ ಹೋದ ದಿನ ನಾನು ಅವರ ಕೈ ಬಿಡಲಿಲ್ಲ. ಪ್ರೀತಿಯಿಂದ ಹಿಡಿದದ್ದು ಹೌದು. ಆದರೆ ಬೆರಳಿನ ಎಲುಬು ಕೈಗೆ ಸಿಗುತ್ತಿತ್ತು, ಅದಕ್ಕೂ ಬಿಡಲಾಗಲಿಲ್ಲ.

ಎರಡನೇ ಸಲದ ಎಂಡೋಸ್ಕೋಪಿಗೆ ಹೋಗುವುದಿಲ್ಲವೆಂದು ಕೂತಿದ್ದಾರೆ. ಅದಕ್ಕೆ ನಾನೇ ಲ್ಯಾಬಿಗೆ ಹೋದೆ. ಸ್ಲೈಡು ಕೊಡಲು ರೋಗಿಯ ಸಹಿ ಬೇಕೆಂದರು. ಶಾಲೆಯ ಕಾಗದ ಎಂದು ಹೇಳಿ ಸಹಿ ಹಾಕಿಸಿದೆ. ಓದದೆ ಸಹಿ ಹಾಕುವುದು ಅವರ ಚಾಳಿ. ತಪ್ಪೋ ಸರಿಯೋ ಆಮೇಲೆ ನೋಡೋಣ.

ಪೆಟ್ಟಿಗೆಯಲ್ಲಿ ಹತ್ತಿ ಸುತ್ತಿ ಇಟ್ಟಿದ್ದೇನೆ. ಗಾಜು ಒಡೆಯದೆ ಬಂದರೆ ಒಂದು ಮೆಸೇಜು ಹಾಕಿ, ಬರೀ "ಬಂತು" ಎಂದು. ಮಿಕ್ಕದ್ದನ್ನು ಕಾಗದದಲ್ಲಿ ಬರೆಯಿರಿ. ಶಾಲೆಯ ವಿಳಾಸಕ್ಕೆ.

ನಿಮ್ಮ ಅತ್ತಿಗೆ


ಮೇ 13

ಅತ್ತಿಗೆ,

ಗಾಜು ಒಡೆದಿಲ್ಲ. ನಮ್ಮ ಮೇಡಂ ನೋಡಿದರು.

ಅಲ್ಲಿನವರು ಬರೆದದ್ದು ಸುಳ್ಳಲ್ಲ. ಈ ಎರಡು ಚೂರುಗಳಲ್ಲಿ ಕ್ಯಾನ್ಸರ್ ಇಲ್ಲ. ಆದರೆ ಈ ಚೂರುಗಳು ಹುಣ್ಣಿನ ತಳದಿಂದ ಬಂದವು, ಹೆಚ್ಚಿನದು ಸತ್ತ ಪದರ, ಕೀವು. ಗೋಡೆಯ ಸುಣ್ಣ ಕೆರೆದು ಇಟ್ಟಿಗೆ ಹೇಗಿದೆ ಎಂದು ಕೇಳಿದ ಹಾಗೆ ಎಂದರು ಮೇಡಂ. ಹುಣ್ಣಿನ ಅಂಚಿನಿಂದ, ಸುತ್ತಲೂ, ಆರೋ ಎಂಟೋ ಚೂರು ಬೇಕು. ಅಲ್ಲಿಯವರೆಗೆ "ಇಲ್ಲ" ಎಂಬ ಉತ್ತರ ನಮ್ಮ ಬಳಿ ಇಲ್ಲ, "ಇದೆ" ಎಂಬುದೂ ಇಲ್ಲ.

ಅಣ್ಣನಿಗೆ ನೀವೇ ಹೇಳಿ. ಸಹಿಯ ವಿಷಯವನ್ನೂ ಹೇಳಿಬಿಡಿ. ನನ್ನ ಮೇಲೆ ಕೋಪ ಬಂದರೆ ಬರಲಿ, ಅವನು ಹೋದರೆ ಸಾಕು.

ನೀವು ಪಾತ್ರೆಯ ವಿಷಯ ಬರೆದಿರಿ. ಅದನ್ನು ಓದಿದ ಮೇಲೆ ನನಗೆ ಊಟ ಸೇರುತ್ತಿಲ್ಲ.

ನಿಮ್ಮ ನಾದಿನಿ


ಮೇ 30

ಸೂಜಿ,

ನೀವಿಬ್ಬರೂ ಸೇರಿಕೊಂಡು ನನ್ನನ್ನು ಚೆನ್ನಾಗಿ ಏಮಾರಿಸಿದಿರಿ. ಮನೆಯಲ್ಲಿ ದೊಡ್ಡ ಜಗಳವಾಯಿತು. ನಾನು ಕೂಗಾಡಿದೆ. ಅವಳು ಕೂಗಲಿಲ್ಲ. ನನ್ನ ಹಳೆಯ ಪ್ಯಾಂಟೊಂದನ್ನು ತಂದು ಮಡಿಲಿಗೆ ಹಾಕಿ "ಇದನ್ನ ಹಾಕ್ಕೊಂಡು ಬೆಲ್ಟ್ ಇಲ್ದೆ ಬಾಗಿಲ ತನಕ ನಡೀರಿ, ನಾನು ಇನ್ನೇನೂ ಕೇಳಲ್ಲ" ಎಂದಳು. ನಾನು ಏಳಲಿಲ್ಲ.

ಹೋಗಿ ಬಂದೆ. ಹುಣ್ಣು ಮಾಗಿಲ್ಲ. ಈ ಸಲ ಕಣ್ಣು ತೆರೆದೇ ಇದ್ದೆ. ಅಂಚು ಎದ್ದಿತ್ತು, ನಾನೇ ಕಂಡೆ. ಎಂಟು ಚೂರು ತೆಗೆದರು. ನಿನ್ನ ಆಸ್ಪತ್ರೆಯ ಲ್ಯಾಬಿಗೇ ಕಳಿಸಬೇಕೆಂದು ಕೇಳಿಕೊಂಡೆ, ಆ ಡಾಕ್ಟರು ಒಪ್ಪಿದರು. ನಾಳೆ ಅಲ್ಲಿಂದ ಹೊರಡುತ್ತವೆ.

ನೀನು ಕೇಳಿದ್ದಕ್ಕೆ ಉತ್ತರ. ಹೌದು, ಟಾನಿಕ್‌ಗೆ ಮುಂಚೆಯೂ ಕಪ್ಪಗಿತ್ತು. ಬಹಳ ದಿನದಿಂದ. ಬಾಟಲಿಯ ಮೇಲಿನ ಆ ಸಾಲು ಓದಿದ ದಿನ ನನಗೆ ಎಷ್ಟು ಸಮಾಧಾನವಾಗಿತ್ತೆಂದರೆ, ಅದಕ್ಕೆ ಮುಂಚಿನದೆಲ್ಲ ಆಗಿಯೇ ಇಲ್ಲ ಎಂದುಕೊಂಡುಬಿಟ್ಟೆ.

ಅಪ್ಪನ ಕೊನೆಯ ವರ್ಷ ನೀನು ಹಾಸ್ಟೆಲಿನಲ್ಲಿದ್ದೆ. ಅವರಿಗೂ ಹೀಗೇ ಶುರುವಾಗಿತ್ತು. ಅವರ ಹೊಟ್ಟೆಯೊಳಗೆ ಯಾರೂ ಇಣುಕಿ ನೋಡಲಿಲ್ಲ, ರೋಗಕ್ಕೆ ಹೆಸರನ್ನೂ ಇಡಲಿಲ್ಲ. "ಊಟ ಸೇರ್ತಿಲ್ಲ" ಎಂದೇ ಹೋದರು. ನಾನು ಅವರ ಬಟ್ಟೆ ಒಗೆಯುತ್ತಿದ್ದೆ, ನೋಡಿದ್ದೇನೆ. ನೀನು ಮೊದಲ ಕಾಗದದಲ್ಲಿ ಡಾಂಬರು ಎಂದು ಬರೆದಾಗ ಆ ಪದವನ್ನೇ ಬೆರಳಿನಿಂದ ಮುಚ್ಚಿಕೊಂಡು ಮುಂದಕ್ಕೆ ಓದಿದೆ.

ನೀನೂ ಒಮ್ಮೆ ತೋರಿಸಿಕೋ.

ಅಣ್ಣ


ಜೂನ್ 10

ಅಣ್ಣ,

ನಿನ್ನೆ ಫೋನಿನಲ್ಲಿ ನಾನು ಬರೀ ಅಳುತ್ತಿದ್ದೆ. ಡಾಕ್ಟರು ಹೇಳಿದ್ದನ್ನು ನನಗೆ ತಿಳಿಸಲು ನೀನು ಫೋನ್ ಮಾಡಿದ್ದು, ನೀನೇ "ಸೂಜಿ, ಮೊದಲು ಉಸಿರಾಡು" ಎಂದು ನನ್ನನ್ನು ಸಮಾಧಾನ ಮಾಡಬೇಕಾಯಿತು. ಹೇಳಬೇಕೆಂದಿದ್ದದ್ದನ್ನು ಈಗ ಬರೆಯುತ್ತೇನೆ.

ಡಬ್ಬಿ ಬಂದ ದಿನ ಮೇಲೆ ಅಂಟಿಸಿದ್ದ ಚೀಟಿಯಲ್ಲಿ ನಿನ್ನ ಹೆಸರು, ವಯಸ್ಸು ಓದಿದೆ. ಬೇರೆಯವರ ಹೆಸರುಗಳನ್ನು ದಿನಾ ಓದುತ್ತೇನೆ. ಮೇಡಂ ನನ್ನ ಮುಖ ನೋಡಿ, "ನೀನು ಇದನ್ನ ಮುಟ್ಬೇಡ, ಹೊರಗೆ ಹೋಗಿ ಕೂತ್ಕೋ" ಎಂದರು. ನನ್ನ ಜೊತೆಯವಳು ಮಾಡಿದಳು. ಮರುದಿನ ಸೀಳುವಾಗ ನಾನು ಮೆಟ್ಟಿಲ ಮೇಲೆ ಕೂತು ಮಿಷನ್ನಿನ ಸದ್ದು ಕೇಳುತ್ತಿದ್ದೆ. ಅವಳ ಕೈ ನನಗಿಂತ ಚೆನ್ನಾಗಿದೆ, ಆದರೂ ಪ್ರತಿ ಸೀಳನ್ನೂ ಎಣಿಸುತ್ತಾ ಕೂತೆ. ಎಂಟು ಚೂರುಗಳ ಪೈಕಿ ಮೂರರಲ್ಲಿ ಕ್ಯಾನ್ಸರ್ ಇತ್ತು. ಮೂರೂ ಒಂದೇ ಬದಿಯ ಅಂಚಿನವು.

ನಾನೂ ಒಂದನ್ನು ಮುಚ್ಚಿಟ್ಟಿದ್ದೆ. ಮೇ ತಿಂಗಳಲ್ಲಿ ನಿನ್ನ ಹಳೆಯ ಸ್ಲೈಡುಗಳನ್ನು ಮೇಡಂ ಎರಡೆರಡು ಸಲ ನೋಡಿದರು. "ಯಾರದು ಇದು?" ಎಂದು ಕೇಳಿದಾಗ "ದೂರದ ನೆಂಟರದು ಮೇಡಂ" ಎಂದೆ. ನನ್ನ ಅಣ್ಣ ಎಂದಿದ್ದರೆ ಮೆತ್ತಗೆ ಮಾತಾಡುತ್ತಿದ್ದರು. "ಹುಣ್ಣಿನ ಲಕ್ಷಣ ನಂಗೆ ಇಷ್ಟ ಆಗ್ತಿಲ್ಲ, ಸುಮ್ನೆ ಬಿಡಬೇಡಿ ಅಂತ ಹೇಳು" ಎಂದರು. ಆ ಮಾತನ್ನು ಅತ್ತಿಗೆಗೆ ಬರೆಯಲಿಲ್ಲ. "ಇದೆ ಎಂಬುದೂ ಇಲ್ಲ" ಎಂದಷ್ಟೇ ಬರೆದು ಕೈ ತೊಳೆದುಕೊಂಡೆ.

ಮುಂದೆ ಸ್ಕ್ಯಾನ್ ಮಾಡುತ್ತಾರೆ, ಎಲ್ಲಿಯವರೆಗೆ ಹೋಗಿದೆ ಎಂದು ನೋಡಲು. ಅದಾಗದೆ ಯಾರೂ ಏನೂ ಹೇಳಲಾರರು, ನಾನೂ. ಸುಳ್ಳು ಧೈರ್ಯ ಕೇಳಬೇಡ.

ನಾನೂ ತೋರಿಸಿಕೊಂಡೆ. ಅದೇ ಬ್ಯಾಕ್ಟೀರಿಯಾ ನನ್ನಲ್ಲೂ ಇದೆ. ಹುಣ್ಣಿಲ್ಲ. ಮಾತ್ರೆ ಶುರುವಾಗಿದೆ.

ನಿನ್ನ ತಂಗಿ


ಜುಲೈ 3
ಆಸ್ಪತ್ರೆ, ಎರಡನೇ ಮಹಡಿ

ಸೂಜಿ,

ಸ್ಕ್ಯಾನಿನಲ್ಲಿ ಲಿವರ್, ಶ್ವಾಸಕೋಶ ಎಲ್ಲ ಸ್ವಚ್ಛವಾಗಿ ಕಂಡಿವೆ, ಅದನ್ನು ಅತ್ತಿಗೆ ಹೇಳಿರುತ್ತಾಳೆ. ನಾಳೆ ಬೆಳಿಗ್ಗೆ ಆಪರೇಷನ್. ಹೊಟ್ಟೆಯ ಕೆಳಭಾಗ ಪೂರ್ತಿ ತೆಗೆದು ಮಿಕ್ಕದ್ದನ್ನು ಕರುಳಿಗೆ ಹೊಲಿಯುತ್ತಾರಂತೆ. ಹೇಗೆ ಹೊಲಿಯುತ್ತೀರಿ ಎಂದು ಸರ್ಜನ್ನರನ್ನು ಕೇಳಿದೆ. ಸ್ಟೇಪಲ್ ಗನ್ನಂತೆ! ನಾನು ಕುಶನ್ ಕೆಲಸದವನೆಂದು ತಿಳಿದ ಮೇಲೆ ಚಿತ್ರ ಬರೆದು ತೋರಿಸಿದರು. "ನೀವು ಮೂಲೆ ಹೇಗೆ ಮಡಿಸ್ತೀರಿ?" ಎಂದು ನನ್ನನ್ನೇ ಕೇಳಿದರು. ಹತ್ತು ನಿಮಿಷ ಸೋಫಾದ ಮೂಲೆ ಬಗ್ಗೆ ಮಾತಾಡಿದೆವು. ಆ ಹತ್ತು ನಿಮಿಷ ನಾನು ರೋಗಿ ಎಂಬುದು ಮರೆತುಹೋಗಿತ್ತು.

ಅವರು ಹೋದ ಮೇಲೆ ನೆನಪಾಯಿತು.

ಸ್ಪ್ರಿಂಗ್ ಬಂದಿದ್ದ. ಮೊದಲ ಸಲ ಅವನು ಒಂದೇ ಕುರ್ಚಿಯಲ್ಲಿ ಅಷ್ಟು ಹೊತ್ತು ಕೂತದ್ದು ನೋಡಿದೆ. ಅದನ್ನು ನೋಡಿಯೇ ಸ್ವಲ್ಪ ಗಾಬರಿಯಾಯಿತು.

ಏಪ್ರಿಲ್ ತಿಂಗಳ ನನ್ನ ಕಾಗದ ಹರಿದು ಹಾಕು.

ಅಣ್ಣ


ಜುಲೈ 19

ತಂಗಿ,

ನಿಮ್ಮಣ್ಣ ಮನೆಗೆ ಬಂದರು. ದಿನಕ್ಕೆ ಆರು ಸಲ, ಬಟ್ಟಲಿನಷ್ಟು ಗಂಜಿ. ಬೈಯುತ್ತಾ ಕುಡಿಯುತ್ತಾರೆ, ಆದರೆ ಪೂರ್ತಿ ಕುಡಿಯುತ್ತಾರೆ. ನಾನು ಎದುರಿಗೇ ಕೂತಿರುತ್ತೇನೆ.

ತೆಗೆದ ಭಾಗದ ರಿಪೋರ್ಟು ಬಂತು. ಕತ್ತರಿಸಿದ ಅಂಚುಗಳಲ್ಲಿ ರೋಗ ಇಲ್ಲವಂತೆ. ಆದರೆ ಹೊಟ್ಟೆಯ ಪಕ್ಕದ ಲಿಂಫ್ ಗಂಟುಗಳಲ್ಲಿ ಎರಡಕ್ಕೆ ತಗುಲಿದೆಯಂತೆ. ಅದಕ್ಕೆ ಕೆಲವು ತಿಂಗಳು ಕೀಮೋ ಕೊಡಬೇಕೆಂದರು. ನಿಮ್ಮಣ್ಣ ರಿಪೋರ್ಟನ್ನು ತಾವೇ ಓದಿದರು, ಕೊನೆಯ ಸಾಲಿನವರೆಗೆ. ಅರ್ಥವಾಗದ ಪದಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಡಾಕ್ಟರನ್ನು ಒಂದೊಂದಾಗಿ ಕೇಳಿದರು. ನಕಲು ಇದರೊಂದಿಗೆ ಇದೆ.

ಕೆಳಗೆ ಅವರು ಏನೋ ಬರೆಯಬೇಕಂತೆ, ಜಾಗ ಬಿಟ್ಟಿದ್ದೇನೆ.

ಅತ್ತಿಗೆ

ಸೂಜಿ, ಮುಂದಿನ ತಿಂಗಳ ಮೊದಲ ಸೋಮವಾರ ಕೀಮೋ ಶುರು. ತಮಾಷೆ ಮಾಡೋಣವೆಂದು ಪೆನ್ನು ಹಿಡಿದೆ, ಏನೂ ಹೊಳೆಯುತ್ತಿಲ್ಲ. ನನಗೆ ಹೆದರಿಕೆಯಾಗುತ್ತಿದೆ.


ಜುಲೈ 27

ಅಣ್ಣ,

ರಿಪೋರ್ಟು ಓದಿದೆ, ಮೇಡಂಗೂ ತೋರಿಸಿದೆ. ಈ ಸಲ ನನ್ನ ಸ್ವಂತ ಅಣ್ಣ ಎಂದೇ ಹೇಳಿದೆ. ಬೇಗ ಹಿಡಿದಿರಿ ಎಂದು ಹೇಳಲಾರೆ, ತಡವಾಯಿತು ಎಂದೂ ಹೇಳಲಾರೆ ಎಂದರು. ಕೀಮೋ ತಪ್ಪಿಸಬಾರದು, ಅದು ಮುಗಿದ ಮೇಲೂ ವರ್ಷಗಟ್ಟಲೆ ಪರೀಕ್ಷೆ ಮಾಡಿಸುತ್ತಲೇ ಇರಬೇಕು. ಪ್ರತಿ ಸಲವೂ ರಿಪೋರ್ಟು ಬರುವವರೆಗೆ ನಾವು ಹೀಗೇ ಉಸಿರು ಬಿಗಿಹಿಡಿದು ಕಾಯಬೇಕು. ಇದಕ್ಕಿಂತ ಸಿಹಿಯಾದ ಮಾತು ನನ್ನ ಹತ್ತಿರ ಇಲ್ಲ.

ನನಗೂ ಹೆದರಿಕೆಯಾಗುತ್ತಿದೆ, ಅಣ್ಣ. ನಿನ್ನ ಮೊದಲ ಕಾಗದ ಓದಿದ ಹೊತ್ತಿನಿಂದಲೂ. ಅದನ್ನು ಬರೆಯಲು ಧೈರ್ಯವಿಲ್ಲದೆ ರಕ್ತಕಣ, ಮೇಣ, ಗಾಜು ಎಂದು ಬರೆಯುತ್ತಾ ಬಂದೆ.

ರಜೆ ಸಿಕ್ಕಿದೆ, ಟಿಕೆಟ್ಟೂ ಆಗಿದೆ. ಸೋಮವಾರ ಔಷಧಿ ಇಳಿಯುವಾಗ ನಿನ್ನ ಒಂದು ಪಕ್ಕ ಅತ್ತಿಗೆ, ಇನ್ನೊಂದು ಪಕ್ಕ ನಾನು. ಮಾತಾಡಬೇಕೆಂದೇನಿಲ್ಲ. ಈ ಕಾಗದ ನಿನ್ನ ಕೈ ಸೇರುವಷ್ಟರಲ್ಲಿ ನಾನೇ ಬಂದಿರುತ್ತೇನೆ, ಪೋಸ್ಟಿನವನಿಗೆ ಬಾಗಿಲು ತೆಗೆಯುವವಳೂ ನಾನೇ ಆಗಬಹುದು.

ನಿನ್ನ ತಂಗಿ